ಎಡಕ್ಕೆ ಐದು ಡಿಗ್ರಿ

ನನ್ನ ಕೆಲಸ ಮೊಣಕಾಲು ಬಗ್ಗಿಸುವುದು. ಆಪರೇಷನ್ ಮಾಡಿಸಿಕೊಂಡು ಮನೆಗೆ ಬಂದವರ ಹತ್ತಿರ ವಾರಕ್ಕೆ ಮೂರು ದಿನ ಹೋಗುತ್ತೇನೆ, ಕಾಲು ಮಡಚಿಸುತ್ತೇನೆ, ಚೆನ್ನಾಗಿ ಬೈಸಿಕೊಳ್ಳುತ್ತೇನೆ, ಕೊನೆಗೆ ಎಷ್ಟು ಡಿಗ್ರಿ ಬಗ್ಗಿತೆಂದು ಅಳೆದು ಬರೆದುಕೊಂಡು ಬರುತ್ತೇನೆ. ಹದಿನಾಲ್ಕು ವರ್ಷಗಳಲ್ಲಿ ನಾನು ನೋಡಿದ ಮೊಣಕಾಲುಗಳೆಲ್ಲ ಅಡುಗೆಮನೆಯವರೆಗೆ, ಹೆಚ್ಚೆಂದರೆ ಬಸ್ ನಿಲ್ದಾಣದವರೆಗೆ ಹೋದವು. ಒಂದು ಮಾತ್ರ ಸಮುದ್ರ ದಾಟಿತು. ಅದು ಹೇಗೆ ದಾಟಿತು ಎಂದು ಹೇಳಬೇಕಾದರೆ ಗೆರೆಯಮ್ಮನಿಂದಲೇ ಶುರು ಮಾಡಬೇಕು.

ಗೆರೆಯಮ್ಮ ಅವರ ಹೆಸರಲ್ಲ, ಕಾರ್ಖಾನೆಯವರು ಇಟ್ಟದ್ದು. ಬಟ್ಟೆ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಕಟಿಂಗ್ ಮಾಸ್ಟರ್ ಆಗಿದ್ದರು. ನಲವತ್ತು ಪದರ ಬಟ್ಟೆ ಹಾಸಿ, ಅದರ ಮೇಲೆ ಸೀಮೆಸುಣ್ಣದಲ್ಲಿ ಸ್ಕೇಲು ಮುಟ್ಟದೆ ಗೆರೆ ಎಳೆಯುತ್ತಿದ್ದರಂತೆ. ಹೊಸದಾಗಿ ಬಂದ ಮೇಲ್ವಿಚಾರಕರು ಅನುಮಾನಪಟ್ಟು ಸ್ಕೇಲು ಇಟ್ಟು ನೋಡಿ, ಸ್ಕೇಲೇ ಸೊಟ್ಟಗಿದೆಯೇನೋ ಎಂದುಕೊಂಡು ಹೋಗುತ್ತಿದ್ದರಂತೆ. ಮೂವತ್ತೊಂದು ವರ್ಷ ಸಿಮೆಂಟು ನೆಲದ ಮೇಲೆ ನಿಂತದ್ದಕ್ಕೆ ಬಲ ಮೊಣಕಾಲು ಸವೆದುಹೋಯಿತು. ಅರವತ್ತನಾಲ್ಕನೇ ವಯಸ್ಸಿನಲ್ಲಿ ಅದನ್ನು ಬದಲಾಯಿಸಿದರು.

ಅವರು ಇರುತ್ತಿದ್ದದ್ದು ಅಕ್ಕನ ಜೊತೆ, ಲಿಫ್ಟ್ ಇಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿ. ಆಪರೇಷನ್ ಆದ ಕಾಲಿಗೆ ಐವತ್ತನಾಲ್ಕು ಮೆಟ್ಟಿಲು ಆಗದ ಮಾತು. ಹಾಗಾಗಿ ಮಗಳ ಮನೆಗೆ ಬಂದರು. ಮಗಳು ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್. ಅಳಿಯ ಹಲ್ಲಿನ ಸೆಟ್ಟು ತಯಾರಿಸುವವನು. ದಂತವೈದ್ಯರು ಅಚ್ಚು ತೆಗೆದು ಕಳಿಸುತ್ತಾರೆ, ಈತ ಪ್ಲಾಸ್ಟರಿನಲ್ಲಿ ಎರಕ ಹೊಯ್ದು, ಗುಲಾಬಿ ಬಣ್ಣದ ಅಕ್ರಿಲಿಕ್ಕಿನಲ್ಲಿ ಒಸಡು ಮಾಡಿ, ಹಲ್ಲು ಕೂರಿಸಿ ಕೊಡುತ್ತಾನೆ. ಮನೆಯ ಹಿಂಭಾಗದಲ್ಲೇ ಅವನ ಕಾರ್ಯಾಗಾರ.

ನೆಲಮಹಡಿಯಲ್ಲಿ ಖಾಲಿ ಮಾಡಬಹುದಾದ ಕೋಣೆ ಒಂದೇ, ಅದೂ ಅಳಿಯನದು. ನಾನು ಮೊದಲ ದಿನ ಹೋದಾಗ ಒಂದು ಗೋಡೆಗೆ ಗೆರೆಯಮ್ಮನ ಮಂಚ, ಎದುರು ಗೋಡೆಗೆ ಒಂದು ಮೇಜು, ಅದರ ಮೇಲೆ ದೊಡ್ಡ ಪರದೆ. ಪರದೆಯ ಕೆಳಗೆ ಪೈಪು, ಹಲಗೆ, ಡ್ರಾಯರು ಜಾರುವ ಚಾನಲ್ಲು ಸೇರಿಸಿ ಮಾಡಿದ ಒಂದು ಚಕ್ರ. ತಿರುಗಿಸಬಹುದು, ಹಿಂದಕ್ಕೂ ಎಳೆಯಬಹುದು. ಇದೇನು ಎಂದು ಕೇಳಿದೆ. ಮಗಳು ತಗ್ಗಿದ ದನಿಯಲ್ಲಿ, "ವಿಮಾನ," ಎಂದಳು. ಗಂಡನಿಗೆ ಬೊಜ್ಜು ಬಂದಿದೆ ಎಂದು ಹೇಳುವಷ್ಟೇ ಸಂಕೋಚವಿತ್ತು ಆ ದನಿಯಲ್ಲಿ.

ಅಳಿಯನಿಗೆ ಈ ಹುಚ್ಚು ಹತ್ತು ವರ್ಷದ್ದು. ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವುದು, ಅದಕ್ಕೆ ಬೇಕಾದ ಹಿಡಿ, ಗುಂಡಿ, ಲಿವರುಗಳನ್ನು ಕೈಯಾರೆ ಮಾಡಿಕೊಳ್ಳುವುದು. ಈಗ ಅತ್ತೆಯ ಮಂಚ ಬಂದು ಕೂತಿದ್ದರಿಂದ ಪೇಚಿಗೆ ಬಿದ್ದಿದ್ದ. ಹೊರಗೆ ಹೋಗಿ ಎಂದು ಅತ್ತೆಗೆ ಹೇಳುವಂತಿಲ್ಲ, ಬಿಟ್ಟಿರಲೂ ಆಗುವುದಿಲ್ಲ. ಊಟವಾದ ಮೇಲೆ ಅರ್ಧ ಗಂಟೆ ಶಬ್ದ ಪೂರ್ತಿ ತಗ್ಗಿಸಿ, ಬೆನ್ನು ಅತ್ತೆಯ ಕಡೆ ಮಾಡಿ, ಕಳ್ಳತನದಲ್ಲಿ ಹಾರಿಸುತ್ತಿದ್ದ.

ಅತ್ತೆ ಅಳಿಯನ ನಡುವೆ ಮಾತು ಇರಲಿಲ್ಲ ಎಂದಲ್ಲ, ಇದ್ದ ಮಾತೆಲ್ಲ ಮಗಳ ಮೂಲಕವೇ ಹೋಗುತ್ತಿತ್ತು. "ಅಳಿಯಂದಿರಿಗೆ ಫ್ಯಾನು ಬೇಕಾ ಕೇಳು," ಎಂದು ಇವರು ಹೇಳಿದರೆ, ಫ್ಯಾನಿನ ಸ್ವಿಚ್ಚಿನ ಪಕ್ಕದಲ್ಲೇ ಕೂತ ಆತ, "ಅತ್ತೆಗೆ ಹೇಗೆ ಅನುಕೂಲವೋ ಹಾಗೆ," ಎಂದು ಹೆಂಡತಿಗೆ ಹೇಳುತ್ತಿದ್ದ. ಮದುವೆಯಾಗಿ ಹದಿನೆಂಟು ವರ್ಷವಾಗಿತ್ತು. ಜಗಳವೇನೂ ಇರಲಿಲ್ಲ. ಗೌರವ ಜಾಸ್ತಿಯಾಗಿತ್ತು, ಅಷ್ಟೇ.

ಮೊಣಕಾಲು ಮಾತ್ರ ಮುಂದುವರಿಯಲಿಲ್ಲ. ಮೊದಲ ದಿನ ಅರವತ್ತೆರಡು ಡಿಗ್ರಿ. ಎರಡನೇ ವಾರಕ್ಕೆ ಎಪ್ಪತ್ತು. ಅಲ್ಲಿಗೆ ನಿಂತುಬಿಟ್ಟಿತು. ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಜಾರಿಸುತ್ತಾ ಕಾಲು ಮಡಚಿ ಚಾಚಬೇಕು, ದಿನಕ್ಕೆ ಮೂರು ಹೊತ್ತು, ಹೊತ್ತಿಗೆ ಮೂವತ್ತು ಸಲ. ನಾಲ್ಕು ಸಲ ಮಾಡಿ ನಿಲ್ಲಿಸುತ್ತಿದ್ದರು. ನೋವಿಗೆ ಹೆದರುವ ಹೆಂಗಸಲ್ಲ, ಬೇಜಾರಿಗೆ ಹೆದರುವವರು. ಎಲ್ಲಿಗೂ ಹೋಗದ ಕಾಲನ್ನು ಯಾಕೆ ಆಡಿಸಬೇಕು ಡಾಕ್ಟ್ರಮ್ಮ ಎಂದು ನನ್ನನ್ನೇ ಕೇಳಿದರು. ನನ್ನ ಹತ್ತಿರ ಪುಸ್ತಕದ ಉತ್ತರವಿತ್ತು, ಅವರಿಗೆ ಅದು ಬೇಕಿರಲಿಲ್ಲ.

ಒಂದು ಮಧ್ಯಾಹ್ನ ನಾನು ಬೇಗ ಹೋಗಿದ್ದೆ. ಅಳಿಯ ಹಾರಿಸುತ್ತಿದ್ದ. ಪರದೆಯ ಮೇಲೆ ಹೊಲ, ರಸ್ತೆ, ಕೆರೆ ಹಿಂದಕ್ಕೆ ಹರಿಯುತ್ತಿದ್ದವು, ಮೂಲೆಯ ಚಿಕ್ಕ ನಕ್ಷೆಯಲ್ಲಿ ಒಂದು ಬಣ್ಣದ ಗೆರೆ, ಅದರ ಮೇಲೆ ವಿಮಾನದ ಗುರುತು. ಗೆರೆಯಮ್ಮ ದಿಂಬಿಗೊರಗಿ ಬಹಳ ಹೊತ್ತು ನೋಡಿದರು. ಆಮೇಲೆ ಮಗಳ ಮಧ್ಯಸ್ಥಿಕೆ ಇಲ್ಲದೆ ನೇರವಾಗಿ ಕೇಳಿದರು.

"ಆ ಗೆರೆ ಯಾರು ಎಳೆದದ್ದು?"

ಅಳಿಯ ಕುರ್ಚಿಯಲ್ಲೇ ಅರ್ಧ ಎದ್ದ. "ಕಂಪ್ಯೂಟರ್, ಅತ್ತೆ."

"ನೀವು ಎಳೆದದ್ದಲ್ವಾ?"

"ಇಲ್ಲ. ಎಲ್ಲಿಗೆ ಹೋಗಬೇಕು ಅಂದ್ರೆ ಅದೇ ಎಳೆಯುತ್ತೆ. ನಾವು ಅದರ ಹಿಂದೆ ಹೋಗೋದು."

ಗೆರೆಯಮ್ಮ ಹೂಂ ಎಂದರು. ಆ ಹೂಂ ಕೇಳಿ ಅಳಿಯನ ಕಿವಿ ಕೆಂಪಾಯಿತು. ಮೂವತ್ತೊಂದು ವರ್ಷ ಬೇರೆಯವರ ಗೆರೆಯ ಮೇಲೆ ಕತ್ತರಿ ಹಾಕದ ಹೆಂಗಸು ಅದು.

ಪೆಡಲ್ಲಿನ ಉಪಾಯ ಯಾರಿಗೆ ಹೊಳೆಯಿತು ಎಂಬ ಬಗ್ಗೆ ಆ ಮನೆಯಲ್ಲಿ ಈಗಲೂ ಚರ್ಚೆಯಿದೆ. ನನಗೆ ಎಂದು ನಾನು ಹೇಳುತ್ತೇನೆ. ಮೇಜಿನ ಕೆಳಗೆ ಎರಡು ಪೆಡಲ್ಲು ಕಂಡವು. ವಿಮಾನದ ಮೂಗನ್ನು ಎಡಕ್ಕೆ ಬಲಕ್ಕೆ ತಿರುಗಿಸಲು, ಅದಕ್ಕಿಂತ ಹೆಚ್ಚಾಗಿ ನೆಲದ ಮೇಲೆ ಓಡುವಾಗ ದಾರಿ ಹಿಡಿಯಲು, ಪಾದದಿಂದ ಒತ್ತುವಂಥವು. ಒಂದನ್ನು ಮುಂದಕ್ಕೆ ಒತ್ತಿದರೆ ಇನ್ನೊಂದು ಹಿಂದಕ್ಕೆ ಜಾರಿ ಬರುತ್ತದೆ. ನನಗೆ ಕಂಡದ್ದು ವಿಮಾನವಲ್ಲ, ಹಿಮ್ಮಡಿ ಜಾರಿಸುವ ವ್ಯಾಯಾಮ. ಇದರ ಜಾರುವ ಉದ್ದ ಜಾಸ್ತಿ ಮಾಡಬಹುದಾ ಎಂದು ಅಳಿಯನನ್ನು ಕೇಳಿದೆ. ಎಷ್ಟು ಬೇಕು ಹೇಳಿ ಎಂದ, ಆಗಲೇ ಜೇಬಿನಿಂದ ಪೆನ್ಸಿಲ್ ತೆಗೆಯುತ್ತಾ.

ಎರಡು ದಿನದಲ್ಲಿ ಹೊಸ ಪೆಡಲ್ಲು ತಯಾರು. ಹಳೆಯ ಬೀರುವಿನ ಡ್ರಾಯರ್ ಚಾನಲ್ಲುಗಳು, ಪ್ಲೈವುಡ್ಡಿನ ಎರಡು ಪಾದ, ಹಿಮ್ಮಡಿಗೆ ಚಪ್ಪಲಿಯ ರಬ್ಬರು, ತಾನೇ ಮಧ್ಯಕ್ಕೆ ಬಂದು ನಿಲ್ಲಲು ಬಾಗಿಲಿನ ಸ್ಪ್ರಿಂಗು. ಪೆಡಲ್ಲು ಎಷ್ಟು ಜಾರಿತೆಂದು ಕಂಪ್ಯೂಟರಿಗೆ ತಿಳಿಸಲು ಹಳೇ ರೇಡಿಯೋದ ವಾಲ್ಯೂಮ್ ಗುಂಡಿಯ ಒಳಭಾಗ. ಹಲಗೆ ಒತ್ತಿದಾಗೆಲ್ಲ ನೆಲದ ಮೇಲೆ ಓಡುತ್ತಿತ್ತು, ಅದಕ್ಕೆ ಒಂದು ಪ್ಲಾಸ್ಟರ್ ಮೂಟೆ ಹೇರಿದ. ಹಲಗೆಯಲ್ಲಿ ಸಾಲಾಗಿ ತೂತುಗಳು. ಪ್ರತಿ ವಾರ ಒಂದು ತೂತು ಕುರ್ಚಿಯ ಹತ್ತಿರಕ್ಕೆ ಸರಿಸಿದರೆ ಮೊಣಕಾಲು ಇನ್ನಷ್ಟು ಬಗ್ಗಲೇಬೇಕು. ಈ ತೂತುಗಳ ವಿಚಾರ ನಾವಿಬ್ಬರೂ ಗೆರೆಯಮ್ಮನಿಗೆ ಹೇಳಲಿಲ್ಲ.

ಮೊದಲ ಹಾರಾಟಕ್ಕೆ ನಾನೂ ಇದ್ದೆ. ಚಕ್ರ ಅಳಿಯನ ಕೈಯಲ್ಲಿ, ಪೆಡಲ್ಲು ಅತ್ತೆಯ ಕಾಲಲ್ಲಿ. ರನ್‌ವೇಯ ಮೇಲೆ ವಿಮಾನ ಓಡತೊಡಗಿತು, ಬಲಕ್ಕೆ ಹೊರಳಿತು. ಎಡ ಪೆಡಲ್ಲು ಒತ್ತಿ ಎಂದು ಅಳಿಯ ಹೇಳಿದ. ಎಡಗಾಲು ಮುಂದೆ ಹೋದರೆ ಬಲಗಾಲು ಹಿಂದೆ ಬಂದು ಮಡಚಿಕೊಳ್ಳಬೇಕು, ಅದು ನೋವು. ಗೆರೆಯಮ್ಮ ಒತ್ತಲಿಲ್ಲ. ವಿಮಾನ ಹುಲ್ಲಿಗಿಳಿದು, ಒಂದು ಬೇಲಿಯನ್ನು ಕಿತ್ತು, ಒಂದು ಟ್ರ್ಯಾಕ್ಟರಿನ ಎದುರು ನಿಂತಿತು. ಆಮೇಲೆ ಗೆರೆಯಮ್ಮನ ಹೊಟ್ಟೆಯಿಂದ ಒಂದು ನಗು ಹೊರಟಿತು ನೋಡಿ, ಮಂಚದ ಮೇಲಿದ್ದ ಊರುಗೋಲು ಉರುಳಿ ಬಿತ್ತು. ಮಗಳು ಅಡುಗೆಮನೆಯಿಂದ ಓಡಿ ಬಂದಳು. ಅಮ್ಮನ ಕಣ್ಣಲ್ಲಿ ನೀರು ಕಂಡು ನೋವೆಂದುಕೊಂಡಳು.

ಆ ವಾರವೆಲ್ಲ ಅವರ ವಿಮಾನಕ್ಕೆ ಬಲಕ್ಕೆ ಮಾತ್ರ ತಿರುಗಲು ಬರುತ್ತಿತ್ತು. ಎಡಕ್ಕೆ ಹೋಗಬೇಕಿದ್ದರೆ ಬಲಕ್ಕೇ ಮುಕ್ಕಾಲು ಸುತ್ತು ಹೊಡೆಯುತ್ತಿದ್ದರು. ಎಂಟನೇ ದಿನ ಎಡ ಪೆಡಲ್ಲು ಒತ್ತಿದರು. ಹಲ್ಲು ಕಚ್ಚಿಕೊಂಡು ಒತ್ತಿದ್ದು ನನಗೆ ಕಾಣುತ್ತಿತ್ತು. ವಿಮಾನ ಎಡಕ್ಕೆ ತಿರುಗಿತು. ಅಳೆದೆ: ಎಂಬತ್ತನಾಲ್ಕು.

ಇನ್ನು ಅವರನ್ನು ಹಿಡಿಯುವವರೇ ಇರಲಿಲ್ಲ. ಕಾಲು ಕೇಳಿದಂತೆಲ್ಲ ತಲೆಯೂ ಕೇಳತೊಡಗಿತು. ಎಲ್ಲಿಗೆ ಹೋಗುತ್ತಿದ್ದೇವೆ, ಎಷ್ಟು ದೂರ, ಅದು ಇಲ್ಲಿಂದ ಯಾವ ಕಡೆ? ಅಳಿಯನಿಗೆ ಅರ್ಧಕ್ಕೆ ಉತ್ತರ ಗೊತ್ತಿರಲಿಲ್ಲ. ಹತ್ತು ವರ್ಷ ಬಣ್ಣದ ಗೆರೆಯ ಬಾಲ ಹಿಡಿದು ಹೋದವನು, ದಾರಿ ತನಗೆ ಗೊತ್ತಿದೆ ಎಂದೇ ತಿಳಿದಿದ್ದ. ಗೆರೆಯಮ್ಮ ಆ ಗೆರೆಯನ್ನು ಪರದೆಯಿಂದ ತೆಗೆಸಿಬಿಟ್ಟರು.

ಅವನು ನಕ್ಷೆಯನ್ನು ಇಪ್ಪತ್ತನಾಲ್ಕು ಹಾಳೆಗಳಲ್ಲಿ ಮುದ್ರಿಸಿ ತಂದ. ಇವರು ಅದನ್ನು ಊಟದ ಮೇಜಿನ ಮೇಲೆ ಜೋಡಿಸಿ ಗುಂಡುಸೂಜಿ ಚುಚ್ಚಿದರು. ಹೊಲಿಗೆಯ ಟೇಪು, ಸೀಮೆಸುಣ್ಣ, ಕೋನಮಾಪಕ. ಇಲ್ಲಿಂದ ಅಲ್ಲಿಗೆ ಇಷ್ಟು ಡಿಗ್ರಿ, ಇಷ್ಟು ಕಿಲೋಮೀಟರ್, ಗಂಟೆಗೆ ಇಷ್ಟು ಓಟ, ಹಾಗಾದರೆ ಇಷ್ಟು ನಿಮಿಷ. ದಿಕ್ಸೂಚಿ ನೋಡಿ ಮುಖ ಮಾಡು, ಗಡಿಯಾರ ನೋಡಿ ಕಾಯು. ಇಷ್ಟೇನಾ ಎಂದರು. ಮೊದಲ ಸಲ ಕೆರೆಯ ದಡದ ಒಂದು ಪಟ್ಟಣಕ್ಕೆ ಹೊರಟು, ಹೇಳಿದ ನಿಮಿಷಕ್ಕೆ ಕೆಳಗೆ ನೋಡಿದರೆ ಪಟ್ಟಣವೂ ಇಲ್ಲ, ಕೆರೆಯೂ ಇಲ್ಲ, ಬರೀ ಕಾಡು. ಹದಿನೆಂಟು ಕಿಲೋಮೀಟರ್ ಆಚೆ ಹೋಗಿದ್ದರು.

ಇದು ಅವರಿಗೆ ಅವಮಾನವಾಗಿಹೋಯಿತು. ಆ ದಿನ ನನ್ನ ಹತ್ತಿರ ಕಾಲು ಕೊಡಲೂ ಇಲ್ಲ. ಗೆರೆಯನ್ನು ಮೂರು ಸಲ ಅಳೆದರು, ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಆಗ ಅಳಿಯ ಹಿಂಜರಿಯುತ್ತಾ ಗಾಳಿಯ ವಿಚಾರ ತೆಗೆದ. ವಿಮಾನ ನೇರ ಹೋಗುತ್ತಿದ್ದರೂ ಅದು ತೇಲುತ್ತಿರುವ ಗಾಳಿಯೇ ಪಕ್ಕಕ್ಕೆ ಸರಿಯುತ್ತಿರುತ್ತದೆ, ಅದಕ್ಕೆ ಸ್ವಲ್ಪ ಗಾಳಿ ಬರುವ ಕಡೆಗೇ ಮುಖ ತಿರುಗಿಸಿ ಹೋಗಬೇಕು ಎಂದ. ಗೆರೆಯಮ್ಮ ತಲೆಯೆತ್ತಿದರು.

"ಮೊದಲೇ ಹೇಳೋದಲ್ವಾ ಅಳಿಯಂದಿರೇ. ಇದು ಓರೆ ಬಟ್ಟೆ."

ಓರೆಯಾಗಿ ಕತ್ತರಿಸುವ ಬಟ್ಟೆ ಕತ್ತರಿಯ ಕೆಳಗೆ ಒಂದು ಕಡೆಗೆ ಜಾರುತ್ತದಂತೆ. ಗೆರೆಯ ಮೇಲೇ ಕತ್ತರಿಸುತ್ತಾ ಹೋದರೆ ಕೊನೆಗೆ ಬೇರೆಲ್ಲೋ ಮುಟ್ಟುತ್ತೀರಿ. ಅದಕ್ಕೆ ಕೈಯನ್ನು ಒಂದಿಷ್ಟು ಆಚೆ ಹಿಡಿದೇ ಹೋಗಬೇಕು. ಎಷ್ಟು ಎಂದು ಬಟ್ಟೆ ನೋಡಿದರೆ ಗೊತ್ತಾಗುತ್ತದೆ. ಗಾಳಿಗೂ ಹಾಗೆ ಲೆಕ್ಕ ಹಾಕಬಹುದು ಎಂದು ಅಳಿಯ ಪುಸ್ತಕದಲ್ಲಿದ್ದ ತ್ರಿಕೋನ ತೋರಿಸಿದ. ಅತ್ತೆ ಅದನ್ನು ನೋಡುತ್ತಲೇ ಮೇಜಿನ ಮೇಲೆ ಮೂರು ಗೆರೆ ಎಳೆದು ಉತ್ತರ ಹೇಳಿದರು. ಮರುದಿನ ಕೆರೆಯೂ ಇತ್ತು, ಪಟ್ಟಣವೂ ಇತ್ತು, ಹೇಳಿದ ನಿಮಿಷಕ್ಕೇ ಇತ್ತು.

ಆಮೇಲೆ ರೇಡಿಯೋ ಕಂಬಗಳು. ನೆಲದ ಮೇಲೆ ಅಲ್ಲಲ್ಲಿ ಇಂಥ ಕಂಬಗಳಿರುತ್ತವೆ, ಕಂಬದಿಂದ ನಾವು ಯಾವ ಡಿಗ್ರಿಯ ಮೇಲಿದ್ದೇವೆಂದು ವಿಮಾನದೊಳಗಿನ ಮುಳ್ಳು ತೋರಿಸುತ್ತದೆ. ಒಂದು ಕಂಬದಿಂದ ಒಂದು ಗೆರೆ, ಇನ್ನೊಂದು ಕಂಬದಿಂದ ಇನ್ನೊಂದು ಗೆರೆ, ಎರಡೂ ಕೂಡುವ ಕಡೆ ನಾವು. ಮೋಡದ ಒಳಗಿದ್ದರೂ ಎಲ್ಲಿದ್ದೇವೆಂದು ಹೇಳಬಹುದು. ಈ ಸಂತೋಷ ಗೆರೆಯಮ್ಮನಿಗೆ ತಡೆಯಲಾಗಲಿಲ್ಲ. ಔಷಧಿ ಅಂಗಡಿಗೆ ಫೋನ್ ಮಾಡಿ, "ನಾವೀಗ ಎಲ್ಲಿದೀವಿ ಗೊತ್ತಾ?" ಎಂದು ಮಗಳನ್ನು ಕೇಳುತ್ತಿದ್ದರು. ಎದುರಿಗೆ ಕೆಮ್ಮುತ್ತಾ ನಿಂತ ಗಿರಾಕಿಗಳನ್ನು ಇಟ್ಟುಕೊಂಡು ಮಗಳು, "ಮನೇಲಿದೀಯ ಅಮ್ಮ," ಎನ್ನುತ್ತಿದ್ದಳು. ತಪ್ಪು ಉತ್ತರ.

ಅಳಿಯನ ಕೈಯೂ ಸುಮ್ಮನಿರಲಿಲ್ಲ. ಅತ್ತೆಗೆ ಮುಳ್ಳು ತಿರುಗಿಸಲು, ರೇಡಿಯೋ ಬದಲಿಸಲು, ರೆಕ್ಕೆಯ ಹಿಂದಿನ ಫ್ಲ್ಯಾಪು ಎಂಬ ಮಡಿಕೆ ಇಳಿಸಲು ಬೇರೆಯೇ ಗುಂಡಿಗಳು ಬೇಕಾದವು. ಅವನ ಕೈಗೆ ಪಳಗಿದ ವಸ್ತು ಒಸಡಿನ ಅಕ್ರಿಲಿಕ್. ಎರಕ ಹೊಯ್ದು, ಬಿಸಿನೀರಲ್ಲಿ ಬೇಯಿಸಿ, ಪಾಲಿಶ್ ಮಾಡಿ ಒಂದು ಡಜನ್ ಗುಂಡಿ ತಂದ. ಎಲ್ಲ ಒಸಡಿನ ಗುಲಾಬಿ. ಗುಂಡಿ ಯಾವ ಕಡೆ ತಿರುಗಿದೆ ಎಂದು ತಿಳಿಯಲು ಗುರುತು ಬೇಕಲ್ಲ, ಪ್ರತಿಯೊಂದರ ಮೇಲೂ ಒಂದೊಂದು ಹಲ್ಲು. ದಿಕ್ಕಿನ ಗುಂಡಿಗೆ ಮುಂದಿನ ಹಲ್ಲು, ರೇಡಿಯೋಗೆ ದವಡೆ ಹಲ್ಲು, ಮಡಿಕೆಯ ಲಿವರಿಗೆ ಕೋರೆಹಲ್ಲು. ಹಲಗೆಯ ಮೇಲೆ ಸಾಲಾಗಿ ಕೂರಿಸಿದಾಗ ವಿಮಾನ ನಮ್ಮನ್ನು ನೋಡಿ ನಗುತ್ತಿರುವಂತಿತ್ತು. ಮಗಳು ಅದರ ಮೇಲೊಂದು ಟವೆಲ್ಲು ಹೊದಿಸಿಡಿ ಎಂದಳು.

ಒಬ್ಬ ದಂತವೈದ್ಯರು ಒಂದು ಸೆಟ್ಟು ಹಲ್ಲು ತುರ್ತಾಗಿ ಬೇಕೆಂದು ತಾವೇ ತೆಗೆದುಕೊಳ್ಳಲು ಬಂದರು. ಟವೆಲ್ಲು ಸರಿದಿತ್ತು. ಕೋರೆಹಲ್ಲು ನೋಡಿದರು, ಅದು ಯಾಕಿದೆ ಎಂದು ಕೇಳಿದರು. ಗೆರೆಯಮ್ಮ ಬಾಯಲ್ಲಿ ಹೇಳುವುದಕ್ಕಿಂತ ತೋರಿಸುವುದೇ ಸುಲಭ ಎಂದು ಅವರನ್ನು ಕೂರಿಸಿಕೊಂಡರು. ಮುಕ್ಕಾಲು ಗಂಟೆಯಾದ ಮೇಲೆ ಅವರ ಆಸ್ಪತ್ರೆಯಿಂದ ಫೋನ್ ಬಂತು. ಹಲ್ಲಿಲ್ಲದ ಒಬ್ಬ ಹಿರಿಯರು ಬಾಯಿ ತೆರೆದು ಕಾಯುತ್ತಿದ್ದರಂತೆ. ಡಾಕ್ಟರು ಆಗ ಒಂದು ಪರ್ವತದ ಮೇಲಿದ್ದರು.

ಒಂಬತ್ತನೇ ವಾರ. ಮೊಣಕಾಲು ನೂರ ಎಂಟು. ನನ್ನ ಲೆಕ್ಕದಲ್ಲಿ ಇನ್ನು ನಾನು ಬರಬೇಕಿರಲಿಲ್ಲ, ಆದರೆ ಒಂದು ಭಾನುವಾರ ಮಧ್ಯಾಹ್ನ ತಪ್ಪದೆ ಬರಬೇಕೆಂದು ಗೆರೆಯಮ್ಮ ಹೇಳಿ ಕಳಿಸಿದರು. ಅಳಿಯನಂತೆ ಮನೆಯಲ್ಲಿ ವಿಮಾನ ಹಾರಿಸುವವರದೊಂದು ಸಂಘವಿದೆ. ಅದರವರು ಆ ದಿನ ಒಂದು ಪಂದ್ಯ ಇಟ್ಟಿದ್ದರು. ಸಮುದ್ರ ದಾಟಿ ಆಚೆ ದಡದ ಒಂದು ಪುಟ್ಟ ನಿಲ್ದಾಣದಲ್ಲಿ ಇಳಿಯಬೇಕು. ಇನ್ನೂರ ನಲವತ್ತು ಕಿಲೋಮೀಟರ್ ಬರೀ ನೀರು. ಬಣ್ಣದ ಗೆರೆ ಇಲ್ಲ, ರೇಡಿಯೋ ಕಂಬವೂ ಇಲ್ಲ. ದಿಕ್ಸೂಚಿ ಮತ್ತು ಗಡಿಯಾರ, ಅಷ್ಟೇ. ಒಂಬತ್ತು ವಿಮಾನಗಳು ಹೊರಡುವುದಿತ್ತು.

ನನ್ನ ಕೈಗೆ ಗಡಿಯಾರ ಕೊಟ್ಟರು. ಮಗಳು ಟೀ ತಂದವಳು ಹಿಂದಿನ ಮಂಚದ ಮೇಲೆ ಪ್ರಯಾಣಿಕಳಾಗಿ ಕೂತಳು.

ಹೊರಡುವ ಮುಂಚೆ ಅತ್ತೆ ಅಳಿಯನಿಗೆ ಚಿಕ್ಕ ವಾದವಾಯಿತು. ಗಾಳಿ ಬಲಗಡೆಯಿಂದ ಬರುತ್ತಿತ್ತು, ಅದಕ್ಕೆ ಎಂಟು ಡಿಗ್ರಿ ಬಲಕ್ಕೆ ತಿರುಗಬೇಕೆಂದು ಇಬ್ಬರ ಲೆಕ್ಕವೂ ಹೇಳುತ್ತಿತ್ತು. ಆದರೆ ಗೆರೆಯಮ್ಮ ಅದರಲ್ಲಿ ಐದು ಡಿಗ್ರಿ ವಾಪಸ್ ಎಡಕ್ಕೆ ಕೊಡಿ ಎಂದರು. ಹಾಗೆ ಮಾಡಿದರೆ ನಿಲ್ದಾಣ ತಪ್ಪಿ ಇಪ್ಪತ್ತು ಕಿಲೋಮೀಟರ್ ಎಡಕ್ಕೆ ಹೋಗಿ ಮುಟ್ಟುತ್ತೇವಲ್ಲ ಎಂದ ಅಳಿಯ. ಅದಕ್ಕೇ ಎಂದರು ಅತ್ತೆ. ದಡವೆಲ್ಲ ಒಂದೇ ಥರ ಕಾಣುತ್ತದೆ. ನಿಲ್ದಾಣಕ್ಕೇ ಗುರಿಯಿಟ್ಟು ಹೋಗಿ ಅಲ್ಲಿ ಅದು ಕಾಣದಿದ್ದರೆ ಎಡಕ್ಕೆ ಹುಡುಕುತ್ತೀರೋ ಬಲಕ್ಕೋ? ಬೇಕೆಂದೇ ಎಡಕ್ಕೆ ತಪ್ಪಿಸಿ ಹೋದರೆ ದಡ ಸಿಕ್ಕ ತಕ್ಷಣ ಬಲಕ್ಕೆ ತಿರುಗಿದರಾಯಿತು, ಯೋಚನೆಯೇ ಬೇಡ. ಹೊಲಿಗೆಗೆ ಬಟ್ಟೆ ಬಿಟ್ಟು ಕತ್ತರಿಸುವ ಹಾಗೆ ಇದು. ಅಳಿಯ ಪುಸ್ತಕದಲ್ಲಿ ಇಂಥದ್ದನ್ನು ಓದಿದ್ದ, ಆದರೆ ಅದು ಹಳೇ ಕಾಲದ ಹಡಗಿನವರ ಉಪಾಯ ಎಂದು ಬಿಟ್ಟುಬಿಟ್ಟಿದ್ದನಂತೆ. ಅತ್ತೆ ಯಾವ ಪುಸ್ತಕವನ್ನೂ ಓದಿರಲಿಲ್ಲ. ಅವನು ಐದು ಡಿಗ್ರಿ ಎಡಕ್ಕೆ ಕೊಟ್ಟ, ಆದರೆ ಮುಖ ಮಾತ್ರ ಗಂಟು ಹಾಕಿಕೊಂಡೇ ಇತ್ತು.

ಸಮುದ್ರದ ಮೇಲೆ ಒಂದು ಗಂಟೆ ಹಾರುವುದೆಂದರೆ ಬಹಳ ಬೇಜಾರಿನ ಕೆಲಸ ಎಂದುಕೊಂಡಿದ್ದೆ. ಕುರ್ಚಿಯ ತುದಿಯಲ್ಲೇ ಕೂತಿದ್ದೆ. ಕೆಳಗೆ ನೀರು, ಮೇಲೆ ಬೂದು ಬಣ್ಣದ ಮೋಡ, ಗುಂಯ್ ಎನ್ನುವ ಶಬ್ದ. ಈಗ ಶಬ್ದವನ್ನು ಪೂರ್ತಿ ಏರಿಸಿರುತ್ತಿದ್ದರು, ಪಕ್ಕದ ಮನೆಯವರು ಹೊಸ ಮಿಕ್ಸಿಯಾ ಎಂದು ವಿಚಾರಿಸಿದ್ದರಂತೆ. ಹತ್ತು ನಿಮಿಷಕ್ಕೊಮ್ಮೆ ನಾನು ಸಮಯ ಹೇಳುವುದು, ಗೆರೆಯಮ್ಮ ನಕ್ಷೆಯ ಮೇಲೆ ಸೀಮೆಸುಣ್ಣದ ಒಂದು ಚುಕ್ಕೆ ಇಡುವುದು. ನಲವತ್ತನೇ ನಿಮಿಷಕ್ಕೆ ಮಗಳು ಟೀ ಕಪ್ಪನ್ನು ಕೆಳಗಿಡದೆ, "ಬಂತಾ?" ಎಂದು ಕೇಳಿದಳು. ಐವತ್ತೈದಕ್ಕೆ ಮತ್ತೆ ಕೇಳಿದಳು. ಎಪ್ಪತ್ತಾರನೇ ನಿಮಿಷಕ್ಕೆ ಮಂಜಿನ ಒಳಗಿಂದ ಕಂದು ಬಣ್ಣದ ಒಂದು ಅಂಚು ಮೂಡಿತು. ದಡ.

ನಿಲ್ದಾಣದ ಗುರುತು ಒಂದು ನದಿಯ ಬಾಯಿ, ಅದರ ಪಕ್ಕದಲ್ಲೇ ರನ್‌ವೇ. ಅಳಿಯ ಮುಂದಕ್ಕೆ ಬಾಗಿ ನೋಡಿದ. ಎಡಗಡೆ, ಅಷ್ಟೇನೂ ದೂರವಿಲ್ಲದೆ, ಒಂದು ನದಿಯ ಬಾಯಿ ಹೊಳೆಯುತ್ತಿತ್ತು. ಸ್ಪೀಕರಿನಲ್ಲಿ ಬೇರೆ ವಿಮಾನದವರ ಮಾತು ಕೇಳಿಸುತ್ತಿತ್ತು, ಇಬ್ಬರು ನದಿ ಕಂಡಿತೆಂದು ಎಡಕ್ಕೆ ತಿರುಗಿಯಾಗಿತ್ತು.

"ಅತ್ತೆ, ನದಿ ಅಲ್ಲಿದೆ. ಎಡಕ್ಕೆ."

"ಅದು ನಮ್ಮದಲ್ಲ. ಬಲಕ್ಕೆ ತಿರುಗಿಸಿ."

"ಎಲ್ಲರೂ ಆ ಕಡೆ ಹೋಗ್ತಿದಾರೆ."

"ಹೋಗಲಿ. ಬಲಕ್ಕೆ."

ಅವನ ಕೈ ಚಕ್ರದ ಮೇಲೆ ಅರ್ಧ ಎಡಕ್ಕೆ ಹೊರಳಿತ್ತು. ಆಗ ಗೆರೆಯಮ್ಮ ಮೇಜು ಕುಟ್ಟಿದರು.

"ಏಯ್, ಬಲಕ್ಕೆ ತಿರುಗಿಸೋ! ಎಡಕ್ಕೆ ತಪ್ಪಿಸಿದ್ದು ನಾನೇ ಕಣೋ."

ಹಿಂದೆ ಮಗಳ ಕಪ್ಪು ಸಾಸರಿಗೆ ಬಡಿದ ಸದ್ದಾಯಿತು. ಹದಿನೆಂಟು ವರ್ಷ ಅಳಿಯಂದಿರು, ನೀವು, ತಾವು ಎಂದ ಬಾಯಿ ಅದು. ಅಳಿಯ ಚಕ್ರ ಬಲಕ್ಕೆ ತಿರುಗಿಸಿದ, ಶಾಲೆಯ ಹುಡುಗನ ಹಾಗೆ ಬೆನ್ನು ನೇರ ಮಾಡಿಕೊಂಡು.

ಇಪ್ಪತ್ತು ಕಿಲೋಮೀಟರಿಗೆ ಆರು ನಿಮಿಷ. ದಡದುದ್ದಕ್ಕೂ ಹೊರಟೆವು. ಮೊದಲ ನಿಮಿಷ ಮರಳು. ಎರಡನೇ ನಿಮಿಷ ಮರಳು. ನಾಲ್ಕನೇ ನಿಮಿಷಕ್ಕೆ ಗೆರೆಯಮ್ಮ ನೀರು ಕುಡಿದರು. ಐದನೇ ನಿಮಿಷಕ್ಕೆ ಅಳಿಯ ಒಮ್ಮೆ ಅವರ ಕಡೆ ತಿರುಗಿದ, ಮತ್ತೆ ಮುಂದೆ ನೋಡಿದ. ಆರಾಯಿತು ಎಂದು ನಾನು ಹೇಳಿದೆ. ಮರಳು. ಆರೂವರೆಗೆ ಒಂದು ಗುಡ್ಡದ ಮೂಗು ಪಕ್ಕಕ್ಕೆ ಸರಿಯಿತು. ಅದರ ಹಿಂದೆ ಅಗಲವಾದ ನದಿಯ ಬಾಯಿ, ಒಂದು ಬಿಳಿ ದೀಪಸ್ತಂಭ, ಹುಲ್ಲಿನ ನಡುವೆ ಪೆನ್ಸಿಲಿನಷ್ಟು ಸಣ್ಣ ರನ್‌ವೇ.

ನಾಲ್ವರೂ ಒಟ್ಟಿಗೆ ಕೂಗಿದೆವೋ ಏನೋ, ನನಗೆ ಸರಿಯಾಗಿ ನೆನಪಿಲ್ಲ. ನಾನು ಗಡಿಯಾರವನ್ನು ಎದೆಗೆ ಅವಚಿಕೊಂಡಿದ್ದೆ.

ಇಳಿಯುವುದು ಬಾಕಿ ಇತ್ತು. ಬಲಗಡೆಯಿಂದ ಜೋರು ಗಾಳಿ. ವಿಮಾನ ಗಾಳಿಗೆ ಮುಖ ಕೊಟ್ಟು ಓರೆಯಾಗಿ ಬರುತ್ತಿತ್ತು. ನೆಲ ಮುಟ್ಟುವ ಕ್ಷಣಕ್ಕೆ ಸರಿಯಾಗಿ ಎಡ ಪೆಡಲ್ಲು ಒತ್ತಿ ಮೂಗನ್ನು ನೇರ ಮಾಡಬೇಕು. ಎಡ ಪೆಡಲ್ಲೆಂದರೆ ಬಲ ಮೊಣಕಾಲು. ಹಲಗೆಯನ್ನು ನಾವು ಕಳ್ಳತನದಲ್ಲಿ ಕೊನೆಯ ತೂತಿಗೆ ತಂದಾಗಿತ್ತು. "ಈಗ ಅತ್ತೆ," ಎಂದ ಅಳಿಯ. ಗೆರೆಯಮ್ಮ ಎಡಗಾಲನ್ನು ಪೂರ್ತಿ ಚಾಚಿದರು, ಬಲಗಾಲು ಪೂರ್ತಿ ಮಡಚಿ ಕುರ್ಚಿಯ ಕೆಳಗೆ ಬಂತು, ಚಕ್ರಗಳು ಕೀರ್ ಎಂದವು, ವಿಮಾನ ರನ್‌ವೇಯ ನಡುಗೆರೆಯ ಮೇಲೆ ಓಡಿ, ನಿಧಾನವಾಗಿ, ನಿಂತಿತು.

ಒಂಬತ್ತರಲ್ಲಿ ಮೂರನೆಯವರಾಗಿ ಇಳಿದಿದ್ದರು. ಮೊದಲಿನ ಎರಡು ಹೇಗೆ ಬಂದವೋ ಗೊತ್ತಿಲ್ಲ. ಎಡಕ್ಕೆ ಹೋದ ಇಬ್ಬರು ಎಣ್ಣೆ ಮುಗಿದು ಯಾವುದೋ ಗದ್ದೆಯಲ್ಲಿದ್ದರು. ಸಂಘದವರು ಸ್ಪೀಕರಿನಲ್ಲಿ ಅಭಿನಂದಿಸಿ, ದಾರಿ ಲೆಕ್ಕ ಹಾಕಿದವರು ಯಾರು ಎಂದು ವಿಚಾರಿಸಿದರು.

"ನಮ್ಮ ಅತ್ತೆ," ಎಂದ ಅಳಿಯ. ಒಂದು ಕ್ಷಣ ಬಿಟ್ಟು, "ಕಾಲೂ ಅವರದ್ದೇ."



ಸದ್ದಡಗಿದ ಮೇಲೆ ಕೋಣೆಯಲ್ಲಿ ಒಂದು ಥರದ ಮುಜುಗರ ಕೂತಿತು. ಗೆರೆಯಮ್ಮ ಸೆರಗಿನ ಅಂಚನ್ನು ಅಳೆಯುವವರ ಹಾಗೆ ಬೆರಳಲ್ಲಿ ಜಾರಿಸುತ್ತಾ, "ಅಳಿಯಂದಿರೇ, ಆಗ ಏನೋ ಬಾಯಿ ತಪ್ಪಿ ಬಂತು," ಎಂದರು.

"ಮುಂದಿನ ಸಲವೂ ಹಾಗೇ ಹೇಳಿ ಅತ್ತೆ," ಎಂದ ಅವನು. "ಬೇಗ ಅರ್ಥ ಆಗುತ್ತೆ."

ನಾನು ಮೊಣಕಾಲು ಅಳೆದೆ. ನೂರ ಹದಿನೇಳು. ಪುಸ್ತಕದಲ್ಲಿ ಬರೆದುಕೊಂಡು ಎರಡು ಸಲ ಅಡಿಗೆರೆ ಹಾಕಿದೆ.

ಇನ್ನೊಂದು ತಿಂಗಳಿಗೆ ಅವರು ಐವತ್ತನಾಲ್ಕು ಮೆಟ್ಟಿಲು ಹತ್ತಿ ಅಕ್ಕನ ಮನೆ ಸೇರಿದರು. ಅಳಿಯ ಇನ್ನೊಂದು ಜೋಡಿ ಪೆಡಲ್ಲು, ಇನ್ನೊಂದು ಚಕ್ರ, ಇನ್ನೊಂದು ಡಜನ್ ಗುಂಡಿ ಮಾಡಿ ಹೊತ್ತುಕೊಂಡು ಹೋದ. ಪರದೆ ಇಡಲು ಅಡುಗೆಮನೆಯ ಪಕ್ಕದ ಮೂಲೆ ಮಾತ್ರ ಇತ್ತಂತೆ, ಅಲ್ಲೇ ಜೋಡಿಸಿದ. ಈಗ ಇವರು ತಮ್ಮ ಮನೆಯಿಂದ, ಅವನು ತನ್ನ ಮನೆಯಿಂದ, ಎರಡು ವಿಮಾನ ಪಕ್ಕಪಕ್ಕದಲ್ಲಿ ಹಾರಿಸುತ್ತಾರೆ. ಶನಿವಾರ ಕಾರ್ಖಾನೆಯ ಹಳೆಯ ಗೆಳತಿಯರಿಬ್ಬರು ಬಂದು ನಕ್ಷೆಯ ಸುತ್ತ ನೆಲದ ಮೇಲೆ ಕೂರುತ್ತಾರಂತೆ. ಒಬ್ಬಾಕೆ ಹಿಂದೆ ಗುಂಡಿ ಹೊಲಿಯುತ್ತಿದ್ದವರು, ಗಾಳಿಯ ತ್ರಿಕೋನದಲ್ಲಿ ಗೆರೆಯಮ್ಮನನ್ನೇ ಮೀರಿಸುತ್ತಾರೆಂದು ಕೇಳಿದ್ದೇನೆ.

ಕಳೆದ ವಾರ ಆ ಕಡೆ ಇನ್ನೊಂದು ಮೊಣಕಾಲಿಗೆ ಹೋಗಿದ್ದೆ, ಹಾಗೇ ಮೂರನೇ ಮಹಡಿ ಹತ್ತಿದೆ. ಬಾಗಿಲು ತೆರೆದೇ ಇತ್ತು. ಗೆರೆಯಮ್ಮ ಹಿಂತಿರುಗಿ ನೋಡದೆ, ಬನ್ನಿ ಡಾಕ್ಟ್ರಮ್ಮ, ಹಿಂದೆ ಜಾಗ ಇದೆ ಎಂದರು. ಪಕ್ಕದ ಕುರ್ಚಿಯಲ್ಲಿ ಅಕ್ಕ ಕೂತಿದ್ದರು. ಎಪ್ಪತ್ತರ ಹತ್ತಿರದವರು, ಯಾವುದಕ್ಕೂ ಸುಲಭವಾಗಿ ಒಪ್ಪುವವರಲ್ಲ. ಕುರ್ಚಿಯ ಎರಡೂ ತೋಳು ಬಿಗಿಯಾಗಿ ಹಿಡಿದಿದ್ದರು. ಪರದೆಯಲ್ಲಿ ಹಿಮದ ಬೆಟ್ಟಗಳು ಓಲಾಡುತ್ತಿದ್ದವು.

ನನ್ನನ್ನು ಕಂಡು ಅಕ್ಕನಿಗೆ ಮರ್ಯಾದೆಯ ನೆನಪಾಯಿತು. ತಂಗಿಯ ತೋಳು ತಟ್ಟಿದರು.

"ನನ್ನನ್ನ ಇಲ್ಲೇ ಎಲ್ಲಾದ್ರೂ ಇಳಿಸೇ. ಮನೆಗೆ ಬಂದವರಿಗೆ ಟೀ ಇಡಬೇಕು."

ಒಲೆ ಅವರ ಕುರ್ಚಿಯಿಂದ ನಾಲ್ಕು ಹೆಜ್ಜೆ ದೂರವಿತ್ತು.

ಗೆರೆಯಮ್ಮ ನಕ್ಷೆ ನೋಡಿದರು, ಗಡಿಯಾರ ನೋಡಿದರು. "ಎದುರುಗಾಳಿ ಇದೆ ಅಕ್ಕ. ಇನ್ನೂ ಹನ್ನೆರಡು ನಿಮಿಷ."

ಅಕ್ಕ ಏಳಲಿಲ್ಲ. ನಾನು ಹಿಂದೆ ಕೂತು ಹನ್ನೆರಡು ನಿಮಿಷ ಕಾದೆ. ಹದಿಮೂರಾಯಿತು, ನಿಜ ಹೇಳಬೇಕೆಂದರೆ. ಟೀ ಚೆನ್ನಾಗಿತ್ತು.